ಹಳೆಯ ಟಾರ್ಚಿಗೆ ಮೂರು ಮಟ್ಟದ ಬೆಳಕು: ಬೇರೆ ಬೇರೆ ತಯಾರಕರ ಭಾಗಗಳನ್ನು ಕೂಡಿಸಿದ ಒಂದು ಪ್ರಕರಣ

ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರ ಬಳಿ, ಅಮೆರಿಕದಲ್ಲಿರುವ ಬಂಧುಗಳು ಹಿಂದೆಂದೋ ತಂದುಕೊಟ್ಟಿದ್ದ ಸ್ಯೂರ್‌ಫೈರ್ 6ಪಿ ಟಾರ್ಚ್ ಇತ್ತು. ಅದರ ಅಲ್ಯೂಮಿನಿಯಂ ಕವಚ ಗಟ್ಟಿಮುಟ್ಟಾಗಿದ್ದರೂ ಬೆಳಕಿಗೆ ಒಂದೇ ಮಟ್ಟ, ಅದೂ ಇಂದಿನ ಲೆಕ್ಕಕ್ಕೆ ಮಂದವಾದದ್ದು. ಅದರೊಳಗಿನ ಪಿ60 ಎಂಬ ಕ್ಸೆನಾನ್ ಬಲ್ಬಿನ ಘಟಕ 65 ಲ್ಯುಮೆನ್ ಬೆಳಕನ್ನು ಸುಮಾರು ಒಂದು ಗಂಟೆ ಕೊಡುವಷ್ಟರಲ್ಲಿ ಸಿಆರ್123ಎ ಎಂಬ 3 ವೋಲ್ಟಿನ ಎರಡು ಲಿಥಿಯಂ ಸೆಲ್‌ಗಳು ಮುಗಿದುಹೋಗುತ್ತವೆ. ಅವನ್ನು ಮತ್ತೆ ಚಾರ್ಜ್ ಮಾಡಲು ಬರುವುದಿಲ್ಲ, ಊರಿನ ಅಂಗಡಿಗಳಲ್ಲಿ ಅವು ಸುಲಭವಾಗಿ ಸಿಗುವುದೂ ಇಲ್ಲ. ಹೀಗಾಗಿ ಟಾರ್ಚ್ ಬೀರುವಿನಲ್ಲೇ ಉಳಿದಿತ್ತು.

ಬೆಳೆಗಾರರು ಕೇಳಿದ್ದು ಸ್ಪಷ್ಟವಾಗಿತ್ತು. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ನೋಡುವಾಗ ಕಣ್ಣು ಕುಕ್ಕದಷ್ಟು ಕಡಿಮೆ ಬೆಳಕು ಬೇಕು. ಮನೆಯಿಂದ ಕಾಫಿ ಕಣದವರೆಗೆ ನಡೆಯಲು ಮಧ್ಯಮ ಬೆಳಕು ಬೇಕು. ಆನೆಗಳ ಓಡಾಟವಿರುವ ಆ ಭಾಗದಲ್ಲಿ ರಾತ್ರಿ ತೋಟದ ಅಂಚಿನಲ್ಲಿ ಸದ್ದಾದಾಗ ದೂರದವರೆಗೆ ಕಾಣುವಷ್ಟು ದೊಡ್ಡ ಬೆಳಕೂ ಬೇಕು. ಕವಚ ಮಾತ್ರ ಹಳೆಯದೇ ಇರಬೇಕೆಂಬುದು ಅವರ ಆಸೆಯಾಗಿತ್ತು. ಈ ಎಲ್ಲ ಮಟ್ಟಗಳಿರುವ ಹೊಸ ಟಾರ್ಚನ್ನು ಇದಕ್ಕಿಂತ ಕಡಿಮೆ ಶ್ರಮದಲ್ಲಿ ಕೊಳ್ಳಬಹುದೆಂದು ನಾನು ಮೊದಲೇ ಹೇಳಿದ್ದೆ, ಈಗಲೂ ಅದೇ ಅಭಿಪ್ರಾಯ ನನ್ನದು. ಆದರೂ ಈ ಕೆಲಸವನ್ನು ವಿವರವಾಗಿ ದಾಖಲಿಸಲು ಕಾರಣವಿದೆ: ಹೊಂದುವ ಭಾಗಗಳನ್ನೇ ಆರಿಸಿ ಜೋಡಿಸಿದ ಮೇಲೂ ಟಾರ್ಚ್ ತಪ್ಪಾಗಿ ನಡೆದುಕೊಂಡಿತು, ಮತ್ತು ಅದರ ಕಾರಣ ಯಾವುದೇ ಒಂದು ಭಾಗದಲ್ಲಿರದೆ ಭಾಗಗಳು ಸೇರುವ ಜಾಗಗಳಲ್ಲಿತ್ತು.

ಭಾಗಗಳ ಆಯ್ಕೆ

6ಪಿ ಟಾರ್ಚ್ ಮೂರು ತುಂಡುಗಳಾಗಿ ಬಿಚ್ಚಿಕೊಳ್ಳುತ್ತದೆ: ಗಾಜಿರುವ ತಲೆ, ಸೆಲ್ ಕೂರುವ ಕೊಳವೆ, ಸ್ವಿಚ್ ಇರುವ ಹಿಂಬದಿಯ ಮುಚ್ಚಳ. ತಲೆ ಮತ್ತು ಕೊಳವೆಯ ನಡುವೆ, ಬಲ್ಬು, ರಿಫ್ಲೆಕ್ಟರ್ ಹಾಗೂ ಎರಡು ಸ್ಪ್ರಿಂಗ್‌ಗಳನ್ನು ಒಳಗೊಂಡ ಸುಮಾರು 26 ಮಿ.ಮೀ. ವ್ಯಾಸದ ಪಿ60 ಘಟಕ ಇಡಿಯಾಗಿ ಕೂರುತ್ತದೆ. ನಡುವಿನ ಚಿಕ್ಕ ಸ್ಪ್ರಿಂಗ್ ಸೆಲ್ಲಿನ ಪ್ಲಸ್ ತುದಿಯನ್ನು ಮುಟ್ಟಿದರೆ, ಹೊರಗಿನ ದೊಡ್ಡ ಸ್ಪ್ರಿಂಗ್ ಕೊಳವೆಯ ಅಂಚನ್ನು ಒತ್ತುತ್ತದೆ. ಸೆಲ್ಲಿನ ಮೈನಸ್ ತುದಿಯ ಸಂಪರ್ಕ ಹಿಂಬದಿಯ ಸ್ವಿಚ್ಚನ್ನು ದಾಟಿ, ಕೊಳವೆಯ ಲೋಹದ ಮೂಲಕವೇ ಈ ಹೊರ ಸ್ಪ್ರಿಂಗಿಗೆ ತಲುಪುತ್ತದೆ. ಈ ಅಳತೆ ಎಷ್ಟು ಬಳಕೆಗೆ ಬಂತೆಂದರೆ, ಅಮೆರಿಕದ ಮಾಲ್ಕಾಫ್‌ನಿಂದ ಹಿಡಿದು ಚೀನಾದ ಹಲವಾರು ತಯಾರಕರವರೆಗೆ ಅನೇಕರು ಇದಕ್ಕೇ ಹೊಂದುವ ಎಲ್‌ಇಡಿ ಘಟಕಗಳನ್ನು ಮಾಡಿದರು. ಕೆಲವರು ಇದೇ ಥ್ರೆಡ್ಡಿನ ಕೊಳವೆ ಮತ್ತು ಮುಚ್ಚಳಗಳನ್ನೂ ಮಾರುಕಟ್ಟೆಗೆ ತಂದರು. ಒಬ್ಬರ ತಲೆ, ಇನ್ನೊಬ್ಬರ ಕೊಳವೆ, ಮತ್ತೊಬ್ಬರ ಘಟಕ ಸೇರಿ ಒಂದು ಟಾರ್ಚ್ ಆಗುವುದು ಇದರಿಂದಾಗಿಯೇ ಸಾಧ್ಯವಾಗಿದೆ.

ಹೆಚ್ಚು ಮಟ್ಟಗಳನ್ನು ಪಡೆಯುವ ಸರಳ ದಾರಿಯೆಂದರೆ ಹಿಂಬದಿಯ ಮುಚ್ಚಳದಲ್ಲಿ ರೆಸಿಸ್ಟರ್ ಇರುವ ಎರಡು ಹಂತದ ಸ್ವಿಚ್. ಮೆಲ್ಲಗೆ ಒತ್ತಿದರೆ ವಿದ್ಯುತ್ತು ರೆಸಿಸ್ಟರ್ ಮೂಲಕ ಹಾಯುತ್ತದೆ, ಪೂರ್ತಿ ಒತ್ತಿದರೆ ನೇರವಾಗಿ ಹಾಯುತ್ತದೆ. ಪ್ರೋಗ್ರಾಂ, ಚಿಪ್ ಯಾವುದೂ ಬೇಡವಾದ್ದರಿಂದ ನನಗೆ ಇದು ಇಷ್ಟವಾಗಿತ್ತು. ಆದರೆ ಲೆಕ್ಕ ಹಾಕಿದಾಗ ಕೊರತೆ ಗೊತ್ತಾಗುತ್ತದೆ. ಪೂರ್ತಿ ತುಂಬಿದ ಒಂದು ಲಿಥಿಯಂ ಅಯಾನ್ ಸೆಲ್ ಹೊರೆಯಲ್ಲಿ ಸುಮಾರು 4.1 ವೋಲ್ಟ್ ಕೊಡುತ್ತದೆ ಮತ್ತು ಕಡಿಮೆ ಕರೆಂಟಿನಲ್ಲಿ ಎಲ್‌ಇಡಿಗೆ ಸುಮಾರು 2.7 ವೋಲ್ಟ್ ಬೇಕಾಗುತ್ತದೆ ಎಂದಿಟ್ಟುಕೊಂಡರೆ, 50 ಮಿಲಿಆಂಪಿಯರ್ ಹರಿಸಲು 28 ಓಮ್ ರೆಸಿಸ್ಟರ್ ಸಾಕು, ಸೆಲ್ 3.6 ವೋಲ್ಟಿಗೆ ಇಳಿದಾಗ ಅದೇ ರೆಸಿಸ್ಟರಿನಲ್ಲಿ ಹರಿಯುವುದು ಸುಮಾರು 32 ಮಿಲಿಆಂಪಿಯರ್ ಮಾತ್ರ. ಒಳಗಿರುವುದು ವೋಲ್ಟೇಜ್ ಇಳಿಸಿ ಎಲ್‌ಇಡಿಗೆ ಒಂದೇ ಪ್ರಮಾಣದ ಶಕ್ತಿ ಕೊಡುವ ಸ್ವಿಚಿಂಗ್ ಡ್ರೈವರ್ (ಎಲ್‌ಇಡಿಯ ಕರೆಂಟನ್ನು ನಿಯಂತ್ರಿಸುವ ಬೋರ್ಡ್) ಆಗಿದ್ದರೆ ತೊಂದರೆ ಇನ್ನೂ ಹೆಚ್ಚು: ರೆಸಿಸ್ಟರಿನಿಂದ ಒಳಬರುವ ವೋಲ್ಟೇಜ್ ತಗ್ಗಿದಷ್ಟೂ ಅದು ಹೆಚ್ಚು ಕರೆಂಟನ್ನು ಎಳೆದುಕೊಳ್ಳುತ್ತದೆ, ಬೆಳಕು ನಾವು ಅಂದುಕೊಂಡಂತೆ ತಗ್ಗುವುದಿಲ್ಲ. ಅದೂ ಅಲ್ಲದೆ ಇದರಿಂದ ಸಿಗುವುದು ಎರಡೇ ಮಟ್ಟ. ಐದು ಮೋಡ್‌ಗಳಿರುವ ಅಗ್ಗದ ಸಿದ್ಧ ಘಟಕಗಳೂ ಸಿಗುತ್ತವೆ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಮಿಣುಕುವ ಮೋಡ್ ಮತ್ತು ಎಸ್‌ಒಎಸ್ (ಅಪಾಯದ ಸಂಕೇತ) ಸೇರಿರುವುದರಿಂದ, ಬೇಕಾದ ಬೆಳಕಿಗೆ ಹೋಗಲು ಪ್ರತಿ ಸಲ ಅವನ್ನು ದಾಟಬೇಕು. ಎದುರಿಗೆ ಆನೆಯಿರಬಹುದಾದ ಜಾಗದಲ್ಲಿ ಟಾರ್ಚ್ ತಾನಾಗಿ ಮಿಣುಕತೊಡಗುವುದು ನನಗೆ ಒಪ್ಪಿಗೆಯಾಗಲಿಲ್ಲ.

ಕೊನೆಗೆ ಗೊತ್ತುಮಾಡಿದ ಜೋಡಣೆ ಹೀಗಿತ್ತು. ತಲೆ ಮತ್ತು ಹಿಂಬದಿಯ ಮುಚ್ಚಳ ಹಳೆಯ 6ಪಿಯವು. ಕೊಳವೆಯನ್ನು ಮಾತ್ರ ಅದೇ ಥ್ರೆಡ್ ಇರುವ ಬೇರೊಬ್ಬ ತಯಾರಕರಿಂದ ತರಿಸಲಾಯಿತು. 6ಪಿಯ ಕೊಳವೆ 17 ಮಿ.ಮೀ. ದಪ್ಪದ ಸಿಆರ್123ಎ ಸೆಲ್‌ಗಾಗಿ ಕೊರೆದದ್ದಾಗಿದ್ದು, 18 ಮಿ.ಮೀ. ದಪ್ಪ ಮತ್ತು 65 ಮಿ.ಮೀ. ಉದ್ದದ, ಚಾರ್ಜ್ ಮಾಡಬಹುದಾದ 18650 ಲಿಥಿಯಂ ಅಯಾನ್ ಸೆಲ್ ಅದರೊಳಗೆ ಇಳಿಯುವುದಿಲ್ಲ. ಲೇತಿನಲ್ಲಿ ಕೊರೆದು ದೊಡ್ಡದು ಮಾಡಬಹುದಾದರೂ ಮೂಲ ಭಾಗವನ್ನು ಕತ್ತರಿಸುವುದು ಬೇಡವೆಂದು ಬೆಳೆಗಾರರು ಹೇಳಿದ್ದರು. ಒಳಗಿನ ಘಟಕಕ್ಕೆ, ಎಲ್‌ಇಡಿ ಮತ್ತು ಡ್ರೈವರ್ ಕೂರುವ ಖಾಲಿ ಹಿತ್ತಾಳೆ ಬಿಲ್ಲೆ ಮತ್ತು ರಿಫ್ಲೆಕ್ಟರನ್ನು ಒಂದು ಕಡೆಯಿಂದಲೂ, ಕ್ರೀ ಎಕ್ಸ್‌ಎಂ-ಎಲ್2 ಎಲ್‌ಇಡಿಯನ್ನು ಇನ್ನೊಂದು ಕಡೆಯಿಂದಲೂ, ನಾಂಜ್ 105ಸಿ ಎಂಬ 17 ಮಿ.ಮೀ. ವ್ಯಾಸದ ಡ್ರೈವರ್ ಬೋರ್ಡನ್ನು ಮತ್ತೊಂದು ಕಡೆಯಿಂದಲೂ ಪಡೆದು ಬೆಸೆಯಲಾಯಿತು. 105ಸಿ ಬೋರ್ಡಿನಲ್ಲಿ ಎಎಂಸಿ7135 ಎಂಬ ಎಂಟು ಚಿಪ್‌ಗಳಿದ್ದು ಒಂದೊಂದೂ 350 ಮಿಲಿಆಂಪಿಯರ್ ಹರಿಸುತ್ತದೆ. ಒಟ್ಟು 2.8 ಆಂಪಿಯರ್. ಅವನ್ನು ನಿಯಂತ್ರಿಸುವುದು ಎಟಿಟೈನಿ13ಎ ಎಂಬ ಪುಟ್ಟ ಮೈಕ್ರೋಕಂಟ್ರೋಲರ್. ಅದು ಚಿಪ್‌ಗಳನ್ನು ವೇಗವಾಗಿ ಹಚ್ಚಿ ಆರಿಸುತ್ತ, ಹಚ್ಚಿದ ಹೊತ್ತಿನ ಪಾಲನ್ನು ಬದಲಿಸಿ ಬೆಳಕಿನ ಮಟ್ಟವನ್ನು ನಿರ್ಧರಿಸುತ್ತದೆ.

ಶಾಖ ಮತ್ತು ವೋಲ್ಟೇಜ್

ಎಂಟೂ ಚಿಪ್‌ಗಳನ್ನು ಉಳಿಸಿಕೊಂಡರೆ ಎಲ್‌ಇಡಿಯೊಂದೇ ಸುಮಾರು 9 ವಾಟ್ ತೆಗೆದುಕೊಳ್ಳುತ್ತದೆ, ಅದರ ಬಹುಪಾಲು ಶಾಖವಾಗುತ್ತದೆ. ಪಿ60 ವಿನ್ಯಾಸದ ದೊಡ್ಡ ದೌರ್ಬಲ್ಯ ಇಲ್ಲಿಯೇ ಇದೆ: ಘಟಕ ಸ್ಪ್ರಿಂಗಿನ ಮೇಲೆ ನಿಂತಿರುವುದರಿಂದ ಅದರ ಸುತ್ತಲೂ ಗಾಳಿಯ ತೆಳುವಾದ ಅಂತರ ಉಳಿಯುತ್ತದೆ, ಶಾಖ ಹೊರಗಿನ ಅಲ್ಯೂಮಿನಿಯಮ್ಮಿಗೆ ದಾಟಲು ದಾರಿಯೇ ಇರುವುದಿಲ್ಲ. ಆದ್ದರಿಂದ ನಾಲ್ಕು ಚಿಪ್‌ಗಳನ್ನು ಬಿಸಿ ಮಾಡಿ ತೆಗೆದು ಕರೆಂಟನ್ನು 1.4 ಆಂಪಿಯರಿಗೆ ಇಳಿಸಿದೆ. ಎಲ್ಲ ಚಿಪ್‌ಗಳಿಗೂ ಆಜ್ಞೆ ಒಂದೇ ಪಿನ್ನಿನಿಂದ ಹೋಗುವುದರಿಂದ ಮೋಡ್‌ಗಳಿಗೆ ಇದರಿಂದ ಧಕ್ಕೆಯಾಗುವುದಿಲ್ಲ, ಎಲ್ಲ ಮಟ್ಟಗಳೂ ಒಂದೇ ಪ್ರಮಾಣದಲ್ಲಿ ತಗ್ಗುತ್ತವೆ. ಬೆಳಕಿನ ನಷ್ಟವೂ ಅರ್ಧದಷ್ಟಲ್ಲ. ಕರೆಂಟು ಎರಡು ಪಟ್ಟಾದಾಗ ಈ ಎಲ್‌ಇಡಿಯ ಬೆಳಕು ಹೆಚ್ಚುವುದು ಸುಮಾರು ಒಂದೂವರೆ ಪಟ್ಟಿಗಿಂತ ತುಸು ಮೇಲೆ ಅಷ್ಟೇ, ಕಣ್ಣಿಗೆ ಆ ವ್ಯತ್ಯಾಸ ಇನ್ನೂ ಕಡಿಮೆಯಾಗಿ ಕಾಣುತ್ತದೆ. 1.4 ಆಂಪಿಯರಿನಲ್ಲೂ ಎಲ್‌ಇಡಿಯಿಂದ 500 ಲ್ಯುಮೆನ್ ದಾಟಿದ ಬೆಳಕು ಹೊರಡುತ್ತದೆ. ರಿಫ್ಲೆಕ್ಟರ್ ಮತ್ತು ಗಾಜಿನಲ್ಲಿ ಕಳೆಯುವುದನ್ನು ಬಿಟ್ಟರೂ ಹಳೆಯ ಬಲ್ಬಿಗಿಂತ ಅದು ಎಷ್ಟೋ ಮೇಲು. ಘಟಕದ ಸುತ್ತ ತಾಮ್ರದ ತೆಳು ಹಾಳೆಯನ್ನು ಬಿಗಿಯಾಗಿ ಸುತ್ತಿ ಗಾಳಿಯ ಅಂತರವನ್ನು ತುಂಬಿದ ಮೇಲೆ, ಟಾರ್ಚಿನ ತಲೆ ಬೇಗನೆ ಬೆಚ್ಚಗಾಗತೊಡಗಿತು. ಒಳಗಿನ ಶಾಖ ಹೊರಗೆ ಬರುತ್ತಿದೆ ಎಂಬುದಕ್ಕೆ ಅದೇ ಗುರುತು.

ಎಲ್‌ಇಡಿಯ ವೈರುಗಳನ್ನು ಬೆಸೆದ ಜಾಗಕ್ಕೆ ರಿಫ್ಲೆಕ್ಟರಿನ ಬುಡ ತಾಗಿದರೆ ಶಾರ್ಟ್ ಆಗುತ್ತದೆ. ಬೇರೆ ಬೇರೆ ಕಡೆಯ ಭಾಗಗಳಲ್ಲಿ ಇದು ಸಾಮಾನ್ಯವಾದ ಅಪಾಯವಾದ್ದರಿಂದ ನಡುವೆ ಪ್ಲಾಸ್ಟಿಕ್ ಬಳೆಯೊಂದನ್ನು ಇಡಲಾಯಿತು.

ವೋಲ್ಟೇಜಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 7135 ಚಿಪ್ 2.7ರಿಂದ 6 ವೋಲ್ಟಿನವರೆಗಿನ ಬಳಕೆಗೆ ಮಾಡಿದ್ದು. ಹೊಸ ಸಿಆರ್123ಎ ಸೆಲ್‌ಗಳೆರಡು ಹೊರೆಯಿಲ್ಲದಾಗ 6.4 ವೋಲ್ಟಿನ ಹತ್ತಿರ ತೋರಿಸುತ್ತವೆ. ಚಾರ್ಜ್ ಮಾಡಬಹುದಾದ 16340 ಸೆಲ್‌ಗಳೆರಡನ್ನು ಹಾಕಿದರೆ 8.4 ವೋಲ್ಟ್ ಆಗುತ್ತದೆ. ಈ ಚಿಪ್ ಹೆಚ್ಚುವರಿ ವೋಲ್ಟೇಜನ್ನೆಲ್ಲ ಶಾಖವಾಗಿ ಸುಡುವ ಬಗೆಯದಾದ್ದರಿಂದ, ತಕ್ಷಣ ಕೆಡದಿದ್ದರೂ ಬೇಯುವುದಂತೂ ಖಂಡಿತ. ಇಲ್ಲಿ ಒಂದು ಆಕಸ್ಮಿಕ ಹೊಂದಾಣಿಕೆಯೇ ಬಲೆಯಾಗಿದೆ: 34.5 ಮಿ.ಮೀ. ಉದ್ದದ ಎರಡು ಸಿಆರ್123ಎ ಸೆಲ್‌ಗಳು ಸೇರಿ 69 ಮಿ.ಮೀ. ಆಗುತ್ತವೆ, ಅತಿಯಾಗಿ ಚಾರ್ಜ್ ಆಗದಂತೆ, ತೀರ ಬರಿದಾಗದಂತೆ ತಡೆಯುವ ರಕ್ಷಣಾ ಸರ್ಕ್ಯೂಟ್ ಇರುವ 18650 ಸೆಲ್ಲಿನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಹೊಸ ಕೊಳವೆಯೊಳಗೆ ಹಳೆಯ ಸೆಲ್‌ಗಳು ಯಾವ ತಡೆಯೂ ಇಲ್ಲದೆ ಇಳಿಯುತ್ತವೆ. ಮನೆಯಲ್ಲಿ ಉಳಿದಿದ್ದ ಸೆಲ್‌ಗಳನ್ನು ಯಾರಾದರೂ ಹಾಕಿಬಿಡಬಹುದೆಂದು, ಕೊಳವೆಯ ಹಿಂಬದಿಯಲ್ಲಿ, ಮುಚ್ಚಳ ಬಿಚ್ಚಿದೊಡನೆ ಕಾಣುವಂತೆ, ‘ಒಂದೇ 18650’ ಎಂಬ ಚೀಟಿಯನ್ನು ಅಂಟಿಸಿದ್ದೇನೆ.

ಮೋಡ್‌ಗಳ ಕ್ರಮ

ಬೋರ್ಡಿನೊಡನೆ ಬಂದಿದ್ದ ಪ್ರೋಗ್ರಾಂ ಕೊನೆಯ ಮಟ್ಟವನ್ನು ನೆನಪಿಟ್ಟುಕೊಳ್ಳುವ ಬಗೆಯದಾಗಿತ್ತು. ಕತ್ತಲಲ್ಲಿ ಟಾರ್ಚ್ ಹಚ್ಚುವವರಿಗೆ ಮೊದಲು ಯಾವ ಬೆಳಕು ಬರುತ್ತದೆ ಎಂಬುದು ಗೊತ್ತಿರಬೇಕು. ನಿನ್ನೆ ಯಾವ ಮಟ್ಟದಲ್ಲಿ ಆರಿಸಿದ್ದೆವು ಎಂದು ನೆನಪಿಸಿಕೊಳ್ಳುವ ಕೆಲಸ ಅವರದಾಗಬಾರದು. ಎಟಿಟೈನಿ13ಎಯಲ್ಲಿ ಪ್ರೋಗ್ರಾಮಿಗೆ ಇರುವುದು 1 ಕಿಲೋಬೈಟ್ ಜಾಗ, ಆದರೆ ಈ ಕೆಲಸಕ್ಕೆ ಅದು ಧಾರಾಳ. ಚಿಪ್ಪಿನ ಎಂಟು ಕಾಲುಗಳಿಗೆ ಕ್ಲಿಪ್ ಹಚ್ಚಿ, ಯುಎಸ್‌ಬಿಎಎಸ್‌ಪಿ ಎಂಬ ಅಗ್ಗದ ಪ್ರೋಗ್ರಾಮರಿನಿಂದ ಹೊಸ ಪ್ರೋಗ್ರಾಂ ತುಂಬಿದೆ: ಹಚ್ಚಿದಾಗ ಯಾವಾಗಲೂ ಶೇ. 30, ಒಂದು ತಟ್ಟಿಗೆ ಶೇ. 100, ಇನ್ನೊಂದು ತಟ್ಟಿಗೆ ಶೇ. 5. ಹಚ್ಚಿದ ಮೇಲೆ ದೊಡ್ಡ ಬೆಳಕು ಒಂದೇ ತಟ್ಟಿನ ದೂರದಲ್ಲಿರಬೇಕೆಂಬುದು ಈ ಕ್ರಮದ ಉದ್ದೇಶವಾಗಿತ್ತು. 3000 ಮಿಲಿಆಂಪಿಯರ್‌ಅವರ್ ಸಾಮರ್ಥ್ಯದ ಸೆಲ್ಲಿನಲ್ಲಿ ಪೂರ್ಣ ಬೆಳಕು ಸುಮಾರು ಎರಡು ಗಂಟೆ, ಮಧ್ಯಮ ಬೆಳಕು ಸುಮಾರು ಏಳು ಗಂಟೆ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಡೆಯಾಗಲಿ 9900 ಎಂದು ಅಚ್ಚು ಹಾಕಿದ 18650 ಸೆಲ್‌ಗಳನ್ನು ಕಂಡರೆ ಅವನ್ನು ಅಲ್ಲೇ ಬಿಟ್ಟು ಬರುವುದು ಒಳ್ಳೆಯದು. ಆ ಗಾತ್ರದ ಯಾವ ಸೆಲ್ಲಿಗೂ ಅಷ್ಟು ಸಾಮರ್ಥ್ಯ ಇಲ್ಲ.

‘ತಟ್ಟು’ ಎಂದರೆ ಇಲ್ಲಿ ವಿದ್ಯುತ್ತನ್ನು ಅರೆಕ್ಷಣ ಕಡಿದು ಮತ್ತೆ ಕೊಡುವುದು. ಮೈಕ್ರೋಕಂಟ್ರೋಲರಿಗೆ ಬೇರೆ ಗುಂಡಿಯಿಲ್ಲ. ವಿದ್ಯುತ್ತು ತುಸು ಹೊತ್ತು ಮಾತ್ರ ಹೋಗಿ ಬಂದರೆ ಅದರ ಸ್ಮೃತಿಯಲ್ಲಿದ್ದ ಅಂಕಿ ಅಳಿಸಿಹೋಗಿರುವುದಿಲ್ಲ, ಆಗ ಅದು ಮುಂದಿನ ಮಟ್ಟಕ್ಕೆ ಹೋಗುತ್ತದೆ. ಹೆಚ್ಚು ಹೊತ್ತು ಹೋದರೆ ಅಂಕಿ ಅಳಿಯುತ್ತದೆ, ಆಗ ಮೊದಲಿನಿಂದ ಆರಂಭಿಸುತ್ತದೆ. ಬೆಳಕಿಗೆ ಬೇಕಾದ ಕರೆಂಟು ಹರಿಯುವ ದಾರಿಯಲ್ಲೇ ಆಜ್ಞೆಯೂ ಬರುತ್ತದೆ. ಮುಂದೆ ಬಂದ ತೊಂದರೆಯೆಲ್ಲ ಹುಟ್ಟಿದ್ದು ಇದರಿಂದಲೇ.

ದೂರು ಮತ್ತು ಅದರ ಶೋಧ

ಮೇಜಿನ ಮೇಲೆ ಟಾರ್ಚ್ ಸರಿಯಾಗಿಯೇ ನಡೆಯಿತು. ತೋಟಕ್ಕೆ ಹೋದ ಮೇಲೆ ದೂರು ಬಂತು: “ಜೀಪಲ್ಲಿ ಹಿಡ್ಕೊಂಡು ಕೂತ್ರೆ ಬೆಳಕು ತಾನಾಗೇ ಬದಲಾಗ್ತದೆ ಸಾರ್, ಕೆಲವು ಸಲ ಹಚ್ಚಿದ್ರೆ ನೇರ ಸಣ್ಣ ಬೆಳಕೇ ಬರ್ತದೆ.” ಇದರಲ್ಲಿ ಎರಡು ಬೇರೆ ಬೇರೆ ದೋಷಗಳಿವೆ ಎಂಬುದು ನಂತರ ತಿಳಿಯಿತು. ಕುಲುಕಿದಾಗ ಮಟ್ಟ ಬದಲಾಗುವುದು ಒಂದು, ಮುಚ್ಚಳವನ್ನು ತಿರುಗಿಸಿ ಹಚ್ಚುವಾಗ ಮಟ್ಟಗಳು ಹಾರುವುದು ಇನ್ನೊಂದು.

ಮೊದಲು ಸೆಲ್ ಖಾಲಿಯಾಗುತ್ತಿರಬಹುದೇ ಎಂದು ನೋಡಲಾಯಿತು. ಸೆಲ್ಲಿನ ವೋಲ್ಟೇಜ್ ತೀರ ಇಳಿದರೆ ಅದನ್ನು ಉಳಿಸಲು ಬೆಳಕನ್ನು ತಾನೇ ತಗ್ಗಿಸುವ ವ್ಯವಸ್ಥೆ ಈ ಬೋರ್ಡಿನಲ್ಲಿದೆ. ಸೆಲ್ ತುಂಬಿಯೇ ಇತ್ತು. ಮುಚ್ಚಳವನ್ನು ತೆಗೆದು ಸೆಲ್ಲಿನ ಮೈನಸ್ ತುದಿಗೂ ಕೊಳವೆಯ ಅಂಚಿಗೂ ಮಲ್ಟಿಮೀಟರಿನ ಕಡ್ಡಿಗಳನ್ನು ಒತ್ತಿ ಹಿಡಿದು ಕರೆಂಟನ್ನು ಅಳೆದಾಗ, ಪೂರ್ಣ ಮಟ್ಟದಲ್ಲಿ 1.4 ಆಂಪಿಯರಿನ ಹತ್ತಿರವೇ ಇತ್ತು; ಅಲುಗಾಡಿಸದೆ ಹಿಡಿದಿರುವಷ್ಟು ಹೊತ್ತು ಮಟ್ಟವೂ ಬದಲಾಗಲಿಲ್ಲ. ಅಲ್ಲಿಗೆ ಎಲ್‌ಇಡಿ, ಡ್ರೈವರ್ ಮತ್ತು ಪ್ರೋಗ್ರಾಂ ಮೂರೂ ಸಂಶಯದಿಂದ ಹೊರಬಿದ್ದವು. ಉಳಿದದ್ದು ಸೆಲ್ ಕೂರುವ ಜಾಗ, ಮುಚ್ಚಳ ಮತ್ತು ಇವುಗಳ ನಡುವಿನ ಸಂಪರ್ಕ.

ಕುಲುಕಿದಾಗ ಆಗುವ ಬದಲಾವಣೆಯ ಕಾರಣ ಉದ್ದದ ಲೆಕ್ಕದಲ್ಲಿ ಸಿಕ್ಕಿತು. ಹಳೆಯ ಮುಚ್ಚಳದ ಸ್ಪ್ರಿಂಗನ್ನು ಮಾಡಿರುವುದು 69 ಮಿ.ಮೀ. ಉದ್ದದ ಸೆಲ್ ಸಾಲನ್ನು ಒತ್ತಿಹಿಡಿಯಲು. ಹೊಸ ಕೊಳವೆಯೂ ರಕ್ಷಣೆಯಿರುವ ಉದ್ದ ಸೆಲ್ಲಿನ ಲೆಕ್ಕದ್ದೇ. ಬಳಸುತ್ತಿದ್ದದ್ದು ಮಾತ್ರ 65 ಮಿ.ಮೀ. ಉದ್ದದ, ಚಪ್ಪಟೆ ತುದಿಯ, ರಕ್ಷಣೆಯಿಲ್ಲದ ಸೆಲ್. ಡ್ರೈವರ್ ಬೋರ್ಡಿನ ಮುಂಬದಿಯ ಸ್ಪ್ರಿಂಗ್ ಗಿಡ್ಡವಾದದ್ದು. ಎಲ್ಲ ಭಾಗಗಳೂ ತಮ್ಮ ತಮ್ಮ ಅಳತೆಗೆ ಸರಿಯಾಗಿಯೇ ಇದ್ದವು, ಆದರೆ ಒಟ್ಟು ಸೇರಿದಾಗ ಸುಮಾರು 4 ಮಿ.ಮೀ. ಸಡಿಲ ಉಳಿದಿತ್ತು. ಸ್ಪ್ರಿಂಗ್‌ಗಳು ಸೆಲ್ಲನ್ನು ಮುಟ್ಟುತ್ತಿದ್ದವೇ ಹೊರತು ಒತ್ತಿ ಹಿಡಿಯುತ್ತಿರಲಿಲ್ಲ. ಸುಮಾರು 45 ಗ್ರಾಂ ತೂಗುವ ಸೆಲ್ ಜೀಪಿನ ಕುಲುಕಾಟಕ್ಕೆ ಹಿಂದೆ ಮುಂದೆ ಸರಿದಾಗ ಸಂಪರ್ಕ ಕೆಲವು ಮಿಲಿಸೆಕೆಂಡ್ ತಪ್ಪುತ್ತಿತ್ತು. ಮೈಕ್ರೋಕಂಟ್ರೋಲರಿಗೆ ಅದೂ ಒಂದು ತಟ್ಟೇ.

ಹಳೆಯ ಟಾರ್ಚಿನಲ್ಲಿ ಇದೇ ಸಡಿಲವಿದ್ದಿದ್ದರೂ ಯಾರಿಗೂ ತಿಳಿಯುತ್ತಿರಲಿಲ್ಲ. ಬಲ್ಬಿನ ಕಾದ ತಂತಿ ಕೆಲವು ಮಿಲಿಸೆಕೆಂಡಿನಲ್ಲಿ ತಣಿಯುವುದಿಲ್ಲ. ಒಂದೇ ಮಟ್ಟದ ಎಲ್‌ಇಡಿಯಾದರೆ ಕಣ್ಣಿಗೆ ಕಾಣದಷ್ಟು ಮಿಣುಕಿ ಮತ್ತೆ ಅದೇ ಬೆಳಕಿಗೆ ಬರುತ್ತದೆ. ಮಟ್ಟಗಳು ಹೆಚ್ಚಾದಾಗ ಮಾತ್ರ ಸಂಪರ್ಕದ ಪ್ರತಿಯೊಂದು ಸಣ್ಣ ತಪ್ಪೂ ಒಂದು ಆಜ್ಞೆಯಾಗಿ ಲೆಕ್ಕಕ್ಕೆ ಬರುತ್ತದೆ. ಥ್ರೆಡ್ ಹೊಂದಿತು, ಬೆಳಕು ಬಂತು ಎಂಬಷ್ಟಕ್ಕೆ ಜೋಡಣೆ ಮುಗಿಯಿತೆಂದು ಭಾವಿಸುವವರಿಗೆ ಈ ವ್ಯತ್ಯಾಸ ಹೊಳೆಯುವುದಿಲ್ಲ. ‘ಡ್ರೈವರ್ ಕೆಟ್ಟಿದೆ’ ಎಂದು ಬೋರ್ಡಿನ ಮೇಲೆ ಬೋರ್ಡು ಬದಲಿಸುವುದು ಇದರಿಂದಲೇ.

ಎರಡನೆಯ ದೋಷದ ಮೂಲ ಮುಚ್ಚಳದಲ್ಲಿತ್ತು. 6ಪಿಯ ಮೂಲ ಮುಚ್ಚಳದಲ್ಲಿ ಟಕ್ಕೆಂದು ಕೂರುವ ಸ್ವಿಚ್ ಇಲ್ಲ. ಗುಂಡಿಯನ್ನು ಒತ್ತಿ ಹಿಡಿದಷ್ಟು ಹೊತ್ತು ಬೆಳಕು ಇರುತ್ತದೆ. ಬೆಳಕು ಸ್ಥಿರವಾಗಿ ಉಳಿಯಬೇಕಾದರೆ ಮುಚ್ಚಳವನ್ನು ತಿರುಗಿಸಿ ಬಿಗಿಯಬೇಕು. ಹೀಗೆ ತಿರುಗಿಸುವಾಗ ಲೋಹಕ್ಕೆ ಲೋಹ ಉಜ್ಜುತ್ತ ಸೇರುವುದರಿಂದ, ಪೂರ್ತಿ ಕೂರುವ ಮುನ್ನ ಸಂಪರ್ಕ ಹಲವು ಬಾರಿ ಬಂದು ಹೋಗುತ್ತದೆ. ಜೊತೆಗೆ ಹೊಸ ಕೊಳವೆಯ ಹಿಂಬದಿಯ ಅಂಚಿನಲ್ಲಿ ಆನೊಡೈಸ್ ಲೇಪನ ಅಲ್ಲಲ್ಲಿ ಉಳಿದಿತ್ತು. ಆ ಲೇಪನದ ಮೂಲಕ ವಿದ್ಯುತ್ತು ಹರಿಯುವುದಿಲ್ಲ. ಇವೆರಡೂ ಸೇರಿ, ಒಂದು ಸಲ ತಿರುಗಿಸಿದಾಗ ಎರಡು ಮೂರು ತಟ್ಟುಗಳ ಆಜ್ಞೆ ಹೋಗುತ್ತಿತ್ತು.

ಪರಿಹಾರ

ಮೈಕ್ರೋಕಂಟ್ರೋಲರಿನ ಪೂರೈಕೆಗೆ, ತುಸು ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್ ಹಾಕುವುದು ಒಂದು ಉಪಾಯವಾಗಿತ್ತು. ಚಿಪ್ 5 ಮಿಲಿಆಂಪಿಯರ್ ಬಳಸುತ್ತದೆ ಮತ್ತು 1.5 ವೋಲ್ಟ್ ಕುಸಿಯುವವರೆಗೆ ಎಚ್ಚರವಾಗಿರುತ್ತದೆ ಎಂದಿಟ್ಟುಕೊಂಡರೆ, 10 ಮೈಕ್ರೋಫ್ಯಾರಡ್ ಅದನ್ನು 3 ಮಿಲಿಸೆಕೆಂಡ್ ಕಾಯುತ್ತದೆ, 47 ಮೈಕ್ರೋಫ್ಯಾರಡ್ 14 ಮಿಲಿಸೆಕೆಂಡ್ ಕಾಯುತ್ತದೆ. ಬೆರಳಿನ ತಟ್ಟು ಅದಕ್ಕಿಂತ ಎಷ್ಟೋ ದೀರ್ಘವಾದ್ದರಿಂದ ಕುಲುಕಾಟವನ್ನು ಸೋಸಲು ಇಷ್ಟು ಸಾಕು. ಆದರೆ ಸಡಿಲ ಸಂಪರ್ಕವನ್ನು ಮರೆಮಾಚಿ ಕೆಲಸ ಮುಗಿಸುವುದು ನನಗೆ ಸರಿಕಾಣಲಿಲ್ಲ. ಕೆಟ್ಟ ಸಂಪರ್ಕದಲ್ಲಿ ಕಳೆಯುವ ವೋಲ್ಟೇಜನ್ನು ಡ್ರೈವರ್ ‘ಸೆಲ್ ಖಾಲಿಯಾಗಿದೆ’ ಎಂದು ಓದಿಕೊಳ್ಳುವ ಅಪಾಯ ಆಗಲೂ ಹಾಗೆಯೇ ಉಳಿಯುತ್ತಿತ್ತು.

ಆದ್ದರಿಂದ ಮೊದಲು ಸೆಲ್ಲನ್ನೇ ಬದಲಿಸಿ, ರಕ್ಷಣಾ ಸರ್ಕ್ಯೂಟ್ ಇರುವ, ತುದಿಯಲ್ಲಿ ಗುಬ್ಬಿಯಿರುವ ಉದ್ದನೆಯ 18650 ಹಾಕಲಾಯಿತು. ಡ್ರೈವರಿನ ಮೋಟು ಸ್ಪ್ರಿಂಗನ್ನು ತೆಗೆದು ಎತ್ತರದ, ಗಡುಸಾದ ಸ್ಪ್ರಿಂಗನ್ನು ಬೆಸೆದು, ಅದರ ಬುಡದಿಂದ ತುದಿಯವರೆಗೆ ತಾಮ್ರದ ಹೆಣೆದ ತಂತಿಯೊಂದನ್ನು ಜೋಡಿಸಿದೆ. ಉಕ್ಕಿನ ಸ್ಪ್ರಿಂಗಿಗೆ ಒತ್ತುವ ಕೆಲಸ ಮಾತ್ರ ಉಳಿದು, ಕರೆಂಟು ಹರಿಯುವ ಕೆಲಸ ತಾಮ್ರಕ್ಕೆ ಬಂತು. ಕೊಳವೆಯ ಅಂಚನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ಸುತ್ತಲೂ ಹೊಳೆಯುವ ಲೋಹ ಕಾಣುವಂತೆ ಮಾಡಿ, ಸ್ಪಿರಿಟ್‌ನಿಂದ ಒರೆಸಿದ್ದಾಯಿತು. ಸಿಲಿಕೋನ್ ಗ್ರೀಸ್ ಥ್ರೆಡ್ಡಿಗೆ ಮತ್ತು ರಬ್ಬರ್ ಬಳೆಗೆ ಮಾತ್ರ, ಅಂಚಿಗೆ ಅಲ್ಲ.

ಮೂಲ ಮುಚ್ಚಳವನ್ನು ಉಳಿಸಿಕೊಳ್ಳುವ ಆಸೆಯನ್ನು ಬೆಳೆಗಾರರು ಇಲ್ಲಿ ಬಿಟ್ಟುಕೊಡಬೇಕಾಯಿತು. ಅದರ ಬದಲಿಗೆ ಅದೇ ಥ್ರೆಡ್ಡಿನ ಕ್ಲಿಕ್ ಸ್ವಿಚ್ಚಿನ ಮುಚ್ಚಳ ಬಂತು. ಕ್ಲಿಕ್ ಸ್ವಿಚ್‌ಗಳಲ್ಲಿ ಎರಡು ಬಗೆಯಿವೆ: ಅರ್ಧ ಒತ್ತಿದಾಗಲೇ ಹೊತ್ತಿಕೊಳ್ಳುವುದು ಒಂದು, ಪೂರ್ತಿ ಒತ್ತಿ ಬಿಟ್ಟ ಮೇಲೆ ಹೊತ್ತಿಕೊಂಡು, ಅನಂತರ ಅರ್ಧ ಒತ್ತಿದಾಗ ಆರುವುದು ಇನ್ನೊಂದು. ಹೆಚ್ಚು ಮೋಡ್‌ಗಳ ಟಾರ್ಚಿಗೆ ಎರಡನೆಯದೇ ಅನುಕೂಲವೆಂಬ ಮಾತಿದೆ, ಏಕೆಂದರೆ ಟಾರ್ಚ್ ಉರಿಯುತ್ತಿರುವಾಗಲೇ ಮೆಲ್ಲಗೆ ಒತ್ತಿ ಮಟ್ಟ ಬದಲಿಸಬಹುದು. ನಾನು ಮೊದಲನೆಯದನ್ನು ಆರಿಸಿದೆ. ಸದ್ದು ಕೇಳಿದ ದಿಕ್ಕಿಗೆ ಸದ್ದಿಲ್ಲದೆ ಅರೆಕ್ಷಣ ಬೆಳಕು ಹಾಯಿಸುವುದು ತೋಟದಲ್ಲಿ ಹೆಚ್ಚು ಬೇಕಾಗುವ ಕೆಲಸ, ಮತ್ತು ಬೇಕಾದ ಮಟ್ಟವನ್ನು ಅರೆ ಒತ್ತಿನಲ್ಲಿ ತಟ್ಟಿ ಆರಿಸಿಕೊಂಡ ಮೇಲೆ ಗಟ್ಟಿಯಾಗಿ ಒತ್ತಿ ಕೂರಿಸುವುದು ಬೇಗನೆ ರೂಢಿಯಾಗುತ್ತದೆ.

ಹೀಗೆ ಟಾರ್ಚಿನಲ್ಲಿ ಸ್ಯೂರ್‌ಫೈರಿನ ತಲೆ ಮಾತ್ರ ಉಳಿಯಿತು. ರಬ್ಬರ್ ಬಳೆಗಳ ದಪ್ಪ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಎರಡೂ ಕೂಡಿಕೆಗಳನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ ನೋಡಲಾಯಿತು. ತಲೆಯ ಕಡೆಯಿಂದ ಗುಳ್ಳೆಗಳೆದ್ದ ಕಾರಣ ಅಲ್ಲಿ ತುಸು ದಪ್ಪನೆಯ ಬಳೆ ಹಾಕಬೇಕಾಯಿತು; ಮಲೆನಾಡಿನ ಮಳೆಗಾಲದಲ್ಲಿ ಇದನ್ನು ನೋಡದೆ ಕೊಡುವಂತಿರಲಿಲ್ಲ.

ಅನಂತರ ಜೀಪಿನಲ್ಲಾಗಲಿ ನಡಿಗೆಯಲ್ಲಾಗಲಿ ಮಟ್ಟ ತಾನಾಗಿ ಬದಲಾದ ದೂರು ಬಂದಿಲ್ಲ. ಬಂದದ್ದು ಬೇರೊಂದು ಕೋರಿಕೆ: ಶೇ. 5 ಬೆಳಕು ರಾತ್ರಿ ಮನೆಯೊಳಗೆ ಹೆಚ್ಚೆನಿಸುತ್ತದೆ, ಅದಕ್ಕಿಂತ ಸಣ್ಣದಾದ ನಾಲ್ಕನೆಯ ಮಟ್ಟವೊಂದನ್ನು ಸೇರಿಸಬಹುದೇ ಎಂದು. ಪ್ರೋಗ್ರಾಮಿನಲ್ಲಿ ಅದಕ್ಕೆ ಜಾಗವಿತ್ತು, ಆದರೆ ಮಧ್ಯಮ ಬೆಳಕಿಗೆ ಮರಳಲು ಪ್ರತಿ ಬಾರಿಯೂ ಇನ್ನೊಂದು ತಟ್ಟು ಬೇಕಾಗುತ್ತಿತ್ತು. ಹಾಗಾಗಿ ಮಟ್ಟವನ್ನು ಸೇರಿಸುವ ಬದಲು ಇದ್ದ ಸಣ್ಣ ಬೆಳಕನ್ನೇ ಶೇ. 2ಕ್ಕೆ ಇಳಿಸಿದೆ. ಹಚ್ಚಿದ ಹೊತ್ತಿನ ಪಾಲನ್ನು ಮೈಕ್ರೋಕಂಟ್ರೋಲರ್ ಎಣಿಸುವ 255 ಮೆಟ್ಟಿಲುಗಳಲ್ಲಿ ಅದು ಐದನೆಯದು. ಅದಕ್ಕಿಂತ ಕೆಳಗೆ 7135 ಚಿಪ್‌ಗಳು ಹೊತ್ತಿಕೊಳ್ಳಲು ತೆಗೆದುಕೊಳ್ಳುವ ಸಮಯವೇ ಅಡ್ಡಬಂದು ಬೆಳಕು ಲೆಕ್ಕಕ್ಕೆ ಸರಿಯಾಗಿ ಬರುವುದಿಲ್ಲವಾದ್ದರಿಂದ ಅಲ್ಲಿಗೇ ನಿಲ್ಲಿಸಲಾಯಿತು. ಮಟ್ಟಗಳ ಸಂಖ್ಯೆ ಮೂರೇ ಉಳಿದಿದೆ.